ಹಣೆಬರಹವೂ ಗುಳಿಗೆಯೂ

ಹೃದ್ರೋಗವು ಕೇವಲ ಪಟ್ಟಣವಾಸಿಗಳ, ಅದರಲ್ಲಿಯೂ ಕುಳಿತು ಉಣ್ಣುವವರ ವ್ಯಾಧಿಯೆಂದು ಭಾವಿಸುತ್ತಿದ್ದ ಕಾಲವು ಎಂದೋ ಕಳೆದುಹೋಯಿತು. ತುಮಕೂರಿನ ಬಡಾವಣೆಗಳಲ್ಲಿ ಹೇಗೋ ಹಾಗೆಯೇ ಗುಬ್ಬಿಯ ತೆಂಗಿನ ತೋಟದ ಮನೆಗಳಲ್ಲಿಯೂ, ಕುಣಿಗಲ್ಲಿನ ಹೆದ್ದಾರಿಯ ಬದಿಯ ಹಳ್ಳಿಗಳಲ್ಲಿಯೂ, ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರು ಈಗ ಎಲ್ಲರಿಗೂ ಪರಿಚಿತರು. ಅಂಥವರ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿಯೋ ಕನ್ನಡಿಯ ಹಿಂದೆಯೋ ಇಕೋಸ್ಪ್ರಿನ್ ಮತ್ತು ಕ್ಲೊಪಿಡೊಗ್ರೆಲ್ ಎಂಬೆರಡು ಮಾತ್ರೆಗಳು ಇದ್ದೇ ಇರುತ್ತವೆ. ಮನೆಯವರು ಅವನ್ನು ರಕ್ತ ತೆಳ್ಳಗಾಗುವ ಮಾತ್ರೆಗಳೆಂದು ಕರೆಯುತ್ತಾರೆ. ರಕ್ತವೇನೂ ಅವುಗಳಿಂದ ತೆಳ್ಳಗಾಗುವುದಿಲ್ಲ. ಡೆಂಗೆ ಜ್ವರದ ದೆಸೆಯಿಂದ ಎಲ್ಲರ ಬಾಯಲ್ಲಿಯೂ ಬಂದು ಹೋಗಿರುವ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ತಡೆಯುವುದಷ್ಟೇ ಅವುಗಳ ಕೆಲಸ.

ಈ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸದೆ ನುಂಗಿದ ರೋಗಿಯ ಸ್ಟೆಂಟಿನೊಳಗೇ ರಕ್ತವು ಹೆಪ್ಪುಗಟ್ಟಿ ಮತ್ತೊಂದು ಆಘಾತವು ಸಂಭವಿಸುವುದು ಅಪರೂಪವಾಗಿಯಾದರೂ ಉಂಟು. ಅದೇ ವಾರ್ಡಿನ ಪಕ್ಕದ ಮಂಚದಲ್ಲಿದ್ದು ಅದೇ ಮಾತ್ರೆಯನ್ನು ಹಾಗೂ ಹೀಗೂ ತೆಗೆದುಕೊಂಡವನು ನೆಮ್ಮದಿಯಾಗಿ ತೋಟಕ್ಕೆ ನೀರು ಹಾಯಿಸಿಕೊಂಡಿರುವುದೂ ಉಂಟು. ಹೀಗೆ ಆಘಾತವು ಮರುಕಳಿಸಿದಾಗ ಆಸ್ಪತ್ರೆಯಲ್ಲಿ ಕೇಳಬರುವ ಮೊದಲ ಪ್ರಶ್ನೆ "ಮಾತ್ರೆ ಸರಿಯಾಗಿ ತಗೊಂಡ್ರಾ?" ಎಂಬುದು, ನೆಂಟರಿಷ್ಟರು ಆಡುವ ಕೊನೆಯ ಮಾತು "ಅವರವರ ಪ್ರಾರಬ್ಧ" ಎಂಬುದು. ಮೊದಲನೆಯದು ಅಪರಾಧವನ್ನು ರೋಗಿಯ ಈ ಜನ್ಮದ ಮೇಲೆ ಹೊರಿಸುತ್ತದೆ, ಎರಡನೆಯದು ಹಿಂದಿನ ಜನ್ಮದ ಮೇಲೆ. ಇವೆರಡೂ ಅಲ್ಲದ ಮೂರನೆಯ ಉತ್ತರವೊಂದನ್ನು ಕಳೆದ ಎರಡು ದಶಕಗಳಿಂದ ವೈದ್ಯವಿಜ್ಞಾನವು ಹೇಳುತ್ತ ಬಂದಿದೆ. ಆ ಉತ್ತರವು ಪ್ರಾರಬ್ಧವೆಂಬ ಹಳೆಯ ಮಾತಿಗೆ ಹೊಸ ವೇಷವೋ, ಅಥವಾ ಆ ಮಾತನ್ನೇ ನಿರಾಕರಿಸುವಂಥದೋ ಎಂಬುದು ನನಗೆ ವಿಚಾರಾರ್ಹವಾದ ಪ್ರಶ್ನೆಯಾಗಿ ತೋರಿದೆ.

ಸಂಗತಿ ಹೀಗಿದೆ. ಕ್ಲೊಪಿಡೊಗ್ರೆಲ್ ಎಂಬುದು ನುಂಗಿದ ರೂಪದಲ್ಲಿ ಔಷಧವೇ ಅಲ್ಲ. ಮಟ್ಟೆ ಸುಲಿಯದ ತೆಂಗಿನಕಾಯಿ ಅಡಿಗೆಗೆ ಬಾರದಿರುವಂತೆ, ಅದು ಶರೀರದೊಳಗೆ ಪರಿಷ್ಕಾರ ಹೊಂದಿದ ಹೊರತು ಏನನ್ನೂ ಸಾಧಿಸಲಾರದು. ನುಂಗಿದ್ದರಲ್ಲಿ ನೂರಕ್ಕೆ 85 ಪಾಲಿನಷ್ಟು ದಾರಿಯಲ್ಲಿಯೇ ವ್ಯರ್ಥವಾಗಿ ಹೋಗುತ್ತದೆ. ಉಳಿದ 15 ಪಾಲನ್ನು ಯಕೃತ್ತಿನ ಕಿಣ್ವಗಳು ಎರಡು ಹಂತಗಳಲ್ಲಿ ಮಾರ್ಪಡಿಸಿ ಸಕ್ರಿಯಗೊಳಿಸಬೇಕು. ಆ ಕಿಣ್ವಗಳಲ್ಲಿ ಪ್ರಮುಖವಾದುದಕ್ಕೆ ಸಿವೈಪಿ2ಸಿ19 ಎಂಬ ಶುಷ್ಕವಾದ ಹೆಸರಿದೆ. ಅದನ್ನು ತಯಾರಿಸುವ ಆದೇಶವು, ಎಂದರೆ ಅದರ ವಂಶವಾಹಿಯು, ನಮ್ಮ ಹತ್ತನೆಯ ವರ್ಣತಂತುವಿನಲ್ಲಿ, ತಾಯಿಯಿಂದ ಒಂದು ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳಾಗಿ ಬರೆದಿರುತ್ತದೆ. ಕೆಲವರಲ್ಲಿ ಈ ಬರೆಹದ 681ನೆಯ ಸ್ಥಾನದಲ್ಲಿ ಜಿ ಎಂಬ ಅಕ್ಷರಕ್ಕೆ ಬದಲಾಗಿ ಎ ಇರುತ್ತದೆ. ಆ ಒಂದೇ ಅಕ್ಷರದ ವ್ಯತ್ಯಾಸದಿಂದ ವಾಕ್ಯವು ತಪ್ಪಾದ ಸ್ಥಳದಲ್ಲಿ ತುಂಡಾಗಿ, ಕಿಣ್ವವು ನಿಷ್ಪ್ರಯೋಜಕವಾಗುತ್ತದೆ. 1994ರಲ್ಲಿ ಈ ರೂಪಾಂತರವನ್ನು ಗುರುತಿಸಿದವರು ಹೃದಯದ ಔಷಧವನ್ನು ಕುರಿತು ವಿಚಾರಿಸುತ್ತಿರಲಿಲ್ಲ. ಮೂರ್ಛೆರೋಗದ ಮದ್ದೊಂದು ಕೆಲವರ ಶರೀರದಲ್ಲಿ ಏಕೆ ಬಹುಕಾಲ ನಿಲ್ಲುತ್ತದೆಂಬ ಜಿಜ್ಞಾಸೆಯಿಂದ ಹೊರಟಿದ್ದರು. ಕ್ಲೊಪಿಡೊಗ್ರೆಲ್‌ಗೆ ಅಮೆರಿಕದಲ್ಲಿ ಮಾರಾಟದ ಅನುಮತಿ ದೊರೆತದ್ದು ಆಮೇಲೆ, 1997ರಲ್ಲಿ.

ಈ ವ್ಯತ್ಯಾಸವು ನಮ್ಮಲ್ಲಿ ವಿರಳವಲ್ಲ. ಪುದುಚೇರಿಯ ಜಿಪ್‌ಮರ್ ಸಂಸ್ಥೆಯ ಸಂಶೋಧಕರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಜನರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ವಂಶವಾಹಿಯ ನೂರು ಪ್ರತಿಗಳಲ್ಲಿ ಸುಮಾರು 35 ಈ ನಿಷ್ಕ್ರಿಯ ರೂಪದವು. ಐರೋಪ್ಯರಲ್ಲಿ ಅದು 15ರ ಆಸುಪಾಸಿನಲ್ಲಿದೆ. ಗುಣಿಸಿ ನೋಡಿದರೆ ನಮ್ಮಲ್ಲಿ ಎಂಟು ಮಂದಿಗೊಬ್ಬರಂತೆ ಎರಡೂ ಪ್ರತಿಗಳು ನಿಷ್ಕ್ರಿಯವಾದವರು, ಅರ್ಧಕ್ಕೆ ತುಸು ಕಡಿಮೆಯಷ್ಟು ಮಂದಿ ಒಂದು ಪ್ರತಿ ಮಾತ್ರ ನಿಷ್ಕ್ರಿಯವಾದವರು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ಮನೆತನಗಳಲ್ಲಿ ಎರಡೂ ಪ್ರತಿಗಳು ಒಂದೇ ಆಗುವ ಸಂಭವವು ಇನ್ನೂ ಸ್ವಲ್ಪ ಹೆಚ್ಚು. ಸುಮಾರು ಒಂಬತ್ತು ಸಾವಿರದ ಏಳುನೂರು ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಕ್ಲೊಪಿಡೊಗ್ರೆಲ್ ಸೇವಿಸುತ್ತಿದ್ದರೂ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ಒಂದು ಪ್ರತಿ ನಿಷ್ಕ್ರಿಯವಾದವರಿಗೆ ಎರಡೂವರೆ ಪಟ್ಟಿಗಿಂತ ಅಧಿಕವೆಂದೂ, ಎರಡೂ ಪ್ರತಿಗಳು ನಿಷ್ಕ್ರಿಯವಾದವರಿಗೆ ನಾಲ್ಕು ಪಟ್ಟಿಗೆ ಸಮೀಪವೆಂದೂ ಕಂಡುಬಂತು. ಪಟ್ಟಿನ ಮಾತನ್ನು ಕೇಳಿ ಗಾಬರಿಯಾಗುವವರು, ಮೂಲದಲ್ಲಿ ಆ ಅಪಾಯವು ನೂರರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ತಟ್ಟತಕ್ಕದ್ದೆಂಬುದನ್ನೂ ನೆನಪಿನಲ್ಲಿಡಬೇಕು.

ಹಣೆಯ ಮೇಲೆ ಬ್ರಹ್ಮನು ಬರೆದನೆಂದು ಹೇಳುತ್ತಿದ್ದ ನಮಗೆ, ಬರೆಹವು ಹಣೆಯಲ್ಲಿಲ್ಲ, ಪ್ರತಿಯೊಂದು ಜೀವಕೋಶದಲ್ಲಿಯೂ ಇದೆ ಎಂದು ಹೇಳಿದರೆ ಅದನ್ನು ಒಪ್ಪಿಕೊಳ್ಳುವುದು ಎಷ್ಟು ಸುಲಭ! ಬರೆಹವು ಹುಟ್ಟಿಗೆ ಮುಂಚಿನದು, ನಮ್ಮ ಇಚ್ಛೆಯನ್ನು ಕೇಳಿ ಬರೆದದ್ದಲ್ಲ, ಅಳಿಸಲು ಬಾರದು. ಪ್ರಾರಬ್ಧವನ್ನು ವೇದಾಂತಿಗಳು ಬಿಲ್ಲಿನಿಂದ ಬಿಟ್ಟ ಬಾಣಕ್ಕೆ ಹೋಲಿಸಿದ್ದಾರಷ್ಟೆ. ಜ್ಞಾನವು ಉದಿಸಿದ ಮೇಲೆಯೂ ಅದು ತನ್ನ ವೇಗ ಮುಗಿಯುವವರೆಗೆ ಹೋಗಿಯೇ ತೀರಬೇಕು. ವಂಶವಾಹಿಯೂ ಅಂಥ ಬಾಣವೇ ಅಲ್ಲವೆ ಎಂದು ಕೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಈ ಸಾಮ್ಯವು ಮೇಲುಮೇಲಿನದೆಂದೇ ನನ್ನ ಅಭಿಪ್ರಾಯ.

ಕರ್ಮಸಿದ್ಧಾಂತವು ಮುಖ್ಯವಾಗಿ ನೀತಿಯ ಸಿದ್ಧಾಂತ. ಇದು ಹೇಗಾಯಿತೆಂಬುದಕ್ಕಿಂತ ಇದು ಏಕೆ ನ್ಯಾಯವೆಂಬುದನ್ನು ತಿಳಿಸುವುದು ಅದರ ಉದ್ದೇಶ. ಜಗತ್ತಿನಲ್ಲಿ ಅಕಾರಣವಾದ ದುಃಖವಿಲ್ಲವೆಂದು ಸಾಧಿಸಿ ಈಶ್ವರನನ್ನು ಪಕ್ಷಪಾತದ ದೋಷದಿಂದ ಪಾರುಮಾಡುವುದು ಅದರ ಹೊಣೆ. 681ನೆಯ ಅಕ್ಷರದಲ್ಲಿ ಅಂಥ ನ್ಯಾಯಾನ್ಯಾಯಗಳ ವಾಸನೆಯೂ ಇಲ್ಲ. ಅದು ಪುಣ್ಯವಂತರಲ್ಲಿ ಕಡಮೆಯೆಂದಾಗಲಿ ಪಾಪಿಗಳಲ್ಲಿ ಹೆಚ್ಚೆಂದಾಗಲಿ ಯಾರೂ ಹೇಳಲಾರರು. ಮತ್ತೂ ಒಂದು ಮಾತು: ಕರ್ಮಫಲವು ಕರ್ತೃವಿಗೇ ಅಂಟಿಕೊಂಡು ಜನ್ಮದಿಂದ ಜನ್ಮಕ್ಕೆ ಬರತಕ್ಕದ್ದು, ವಂಶವಾಹಿಯಾದರೋ ತಂದೆತಾಯಿಗಳಿಂದ ಬರತಕ್ಕದ್ದು, ಅದೂ ನಾಣ್ಯ ಚಿಮ್ಮಿದಂತೆ ಆಕಸ್ಮಿಕವಾಗಿ. ಒಂದೇ ಗರ್ಭದಲ್ಲಿ ಹುಟ್ಟಿದ ಅಣ್ಣನಿಗೆ ಬಂದದ್ದು ತಮ್ಮನಿಗೆ ಬಾರದಿರಬಹುದು. ಇದನ್ನು ಪ್ರಾರಬ್ಧವೆಂದು ಕರೆಯುವವರು ಪ್ರಾರಬ್ಧದಲ್ಲಿದ್ದ ಗಾಂಭೀರ್ಯವನ್ನು ತೆಗೆದುಹಾಕಿ ಅದರ ಕ್ರೌರ್ಯವನ್ನು ಮಾತ್ರ ಉಳಿಸಿಕೊಂಡಂತಾಗುತ್ತದೆ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ವೇದಾಂತಿಗಳಿಗಿಂತ ಎಚ್ಚರಿಕೆಯಿಂದಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ತನ್ನ ಗುರುವಾದ ಆತ್ರೇಯನನ್ನು, ಆಯುಸ್ಸೆಂಬುದು ನಿಯತವೋ ಅನಿಯತವೋ ಎಂದು ನೇರವಾಗಿಯೇ ಕೇಳುತ್ತಾನೆ. ಗುರುವು ದೈವ ಪುರುಷಕಾರಗಳೆರಡನ್ನೂ ಒಪ್ಪಿ, ಬಲವಾದುದು ದುರ್ಬಲವಾದುದನ್ನು ಗೆಲ್ಲುತ್ತದೆಯೆಂದು ಹೇಳಿ, ಸರ್ವರ ಆಯುಸ್ಸೂ ನಿಯತವೇ ಆಗಿದ್ದರೆ ಮಂತ್ರವೇಕೆ, ಮೂಲಿಕೆಯೇಕೆ, ಮದಿಸಿದ ಆನೆಯನ್ನು ಕಂಡು ದೂರ ಸರಿಯುವುದೇಕೆ ಎಂಬ ಧಾಟಿಯಲ್ಲಿ ವಾದಿಸುತ್ತಾನೆ. ಚಿಕಿತ್ಸೆ ಮಾಡಹೊರಟವನು ಸಂಪೂರ್ಣ ನಿಯತಿವಾದಿಯಾಗಿರಲಾರನೆಂಬುದು ಆತ್ರೇಯನ ತರ್ಕದ ಸಾರ. ಅದೇ ಪರಂಪರೆಯು ಪ್ರತಿಯೊಬ್ಬ ರೋಗಿಯ ಪ್ರಕೃತಿಯನ್ನೂ ಬೇರೆಬೇರೆಯಾಗಿ ನೋಡಿ ಮದ್ದು ಕೊಡಬೇಕೆಂದೂ ವಿಧಿಸಿತು. ಪುಣೆಯ ಸಂಶೋಧಕರು 2011ರಲ್ಲಿ, ವಾತ ಪಿತ್ತ ಕಫ ಪ್ರಕೃತಿಗಳಿಗೂ ಈ ಸಿವೈಪಿ2ಸಿ19ರ ಭೇದಗಳಿಗೂ ಸಂಬಂಧವುಂಟೇ ಎಂದು ಸುಮಾರು 130 ಜನರಲ್ಲಿ ನೋಡಿ, ಮದ್ದನ್ನು ಮಂದವಾಗಿ ಪಚನ ಮಾಡುವವರು ಕಫ ಪ್ರಕೃತಿಯವರಲ್ಲಿ ಹೆಚ್ಚೆಂದು ಬರೆದರು. ಎಲ್ಲವೂ ನಮ್ಮಲ್ಲಿತ್ತೆಂದು ಇದನ್ನು ಹಿಡಿದು ಡಂಗುರ ಹೊಡೆಯುವವರಿಗೆ, 130 ಜನರ ಸಾಕ್ಷ್ಯವು ಆರಂಭವೇ ಹೊರತು ನಿರ್ಣಯವಲ್ಲವೆಂದು ಹೇಳಬೇಕಾದೀತು.

ಇನ್ನು ಈ ಅಕ್ಷರವ್ಯತ್ಯಾಸವನ್ನು ದೋಷವೆಂದು ಕರೆಯುವುದು ಸರಿಯೇ ಎಂಬುದನ್ನು ನೋಡೋಣ. ತುಮಕೂರಿಗೆ ಕೂಗಳತೆಯಲ್ಲಿರುವ ಕೈದಾಳವನ್ನು ಜನರು ಶಿಲ್ಪಿ ಜಕಣಾಚಾರಿಯ ಊರೆಂದು ನಂಬುತ್ತಾರೆ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಶಿಲೆಯೊಳಗೆ ದೋಷವಿದೆಯೆಂದು ಗುರುತು ತಿಳಿಯದ ಯುವಕನೊಬ್ಬನು ನುಡಿದನೆಂದೂ, ಉಳಿಯಿಟ್ಟಾಗ ನಾಭಿಯ ಬಳಿಯಿಂದ ನೀರೂ ಕಪ್ಪೆಯೂ ಹೊರಬಂದವೆಂದೂ, ಆ ಯುವಕನು ಅವನ ಮಗನೇ ಆಗಿದ್ದನೆಂದೂ ಕತೆಯಿದೆ. ಐತಿಹ್ಯವನ್ನು ಇತಿಹಾಸವೆಂದು ನಾನು ಹೇಳುತ್ತಿಲ್ಲ. ಅದರೊಳಗಿನ ವಿಚಾರವಿಷ್ಟೆ: ಕಪ್ಪೆಯಿದ್ದ ಕಲ್ಲು ಪೂಜಾವಿಗ್ರಹಕ್ಕೆ ಅಯೋಗ್ಯವೇ ಹೊರತು ಕಲ್ಲಾಗಿ ಅದರಲ್ಲಿ ಊನವಿರಲಿಲ್ಲ, ಹೊಸ್ತಿಲಿಗೆ ಹಾಕಿದ್ದರೆ ಸಾವಿರ ವರ್ಷ ತುಳಿಸಿಕೊಂಡು ಸುಖವಾಗಿರುತ್ತಿತ್ತು. ನಮ್ಮ ಮುತ್ತಜ್ಜಂದಿರಲ್ಲಿ ಎಷ್ಟೋ ಮಂದಿ ಈ ಅಕ್ಷರವನ್ನು ಎರಡೂ ಪ್ರತಿಗಳಲ್ಲಿ ಹೊತ್ತುಕೊಂಡೇ ರಾಗಿ ಬೆಳೆದು, ಅಡಕೆ ಸುಲಿದು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ತೀರಿಕೊಂಡಿರಬೇಕು. ಅವರ ಪಾಲಿಗೆ ಅದು ವಿಧಿಯಾಗಿರಲಿಲ್ಲ, ಏನೂ ಆಗಿರಲಿಲ್ಲ. ಆ ಕಿಣ್ವವನ್ನೇ ನೆಚ್ಚಿದ ಗುಳಿಗೆಯೊಂದನ್ನು ಮನುಷ್ಯನು ಪ್ರಯೋಗಶಾಲೆಯಲ್ಲಿ ನಿರ್ಮಿಸಿದ ದಿನದಿಂದ ಅದು ವಿಧಿಯಾಯಿತು. ಬ್ರಹ್ಮನು ಬರೆದನೆಂದು ನಾವು ಹೇಳುವ ವಾಕ್ಯದ ಅರ್ಧವನ್ನು ಮನುಷ್ಯನೇ, ಅದೂ ಮೊನ್ನೆ ಮೊನ್ನೆ, ಬರೆದಂತಾಯಿತು. ತಾನು ಬರೆದ ಅರ್ಧವನ್ನು ಮನುಷ್ಯನು ತಿದ್ದಲೂ ಬಲ್ಲನು: ಟಿಕಾಗ್ರೆಲಾರ್ ಎಂಬ ಬೇರೊಂದು ಗುಳಿಗೆಗೆ ಯಕೃತ್ತಿನ ಪರಿಷ್ಕಾರವೇ ಬೇಕಿಲ್ಲ, ಪ್ರಾಸುಗ್ರೆಲ್ ಎಂಬುದಕ್ಕೆ ಬೇಕಾದರೂ ಅದು ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ. ಮಾತ್ರೆ ಬದಲಾಯಿಸಿದರೆ ಬದಲಾಗುವ ಹಣೆಬರಹಕ್ಕೆ ಹಣೆಬರಹವೆಂಬ ಹೆಸರು ಎಷ್ಟರ ಮಟ್ಟಿಗೆ ಒಪ್ಪುತ್ತದೆ?

ಜನ್ಮದಿಂದ ಬಂದದ್ದಕ್ಕೂ ಜೀವನದಿಂದ ಬಂದದ್ದಕ್ಕೂ ನಡುವಣ ಗೆರೆಯು ನಾವು ಎಣಿಸಿದಷ್ಟು ದಟ್ಟವಾಗಿಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಎದೆಯುರಿಯೆಂದು ಔಷಧದ ಅಂಗಡಿಯಲ್ಲಿ ಕೇಳಿ ಕೊಳ್ಳುವ ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಓಮೆಪ್ರಜೋಲ್ ಎಂಬುದು ಇದೇ ಕಿಣ್ವವನ್ನು ತಡೆಹಿಡಿಯುತ್ತದೆ. ಕ್ಲೊಪಿಡೊಗ್ರೆಲ್ ಜೊತೆಗೆ ಅದನ್ನು ಸೇವಿಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರಲ್ಲಿಯೇ ಎಚ್ಚರಿಸಿದೆ. ಅಂದರೆ ನಿರ್ದುಷ್ಟವಾದ ಎರಡು ಪ್ರತಿಗಳನ್ನು ಪಡೆದು ಹುಟ್ಟಿದವನೂ ಈ ಮಾತ್ರೆಯಿಂದ ಸ್ವಲ್ಪಮಟ್ಟಿಗೆ ಮಂದಕಿಣ್ವದವನಂತೆ ಆಗಬಲ್ಲನು. ಹಿಂದಿನಿಂದ ಬಂದ ಪ್ರಾರಬ್ಧ, ಈ ಜನ್ಮದಲ್ಲಿ ಕೂಡಿಸಿಕೊಂಡ ಆಗಾಮಿ ಎಂದು ಶಾಸ್ತ್ರಕಾರರು ವಿಂಗಡಿಸಿದ ಎರಡು ರಾಶಿಗಳು ಯಕೃತ್ತಿನಲ್ಲಿ ಬೆರೆತುಹೋಗುತ್ತವೆ. ಪ್ಲೇಟ್‌ಲೆಟ್ಟಿನ ಸ್ವಭಾವವಂತೂ ಇನ್ನೂ ವಿಲಕ್ಷಣ. ಅದಕ್ಕೆ ಕೋಶಕೇಂದ್ರವಿಲ್ಲ, ವಂಶವಾಹಿಗಳ ಗ್ರಂಥವನ್ನು ಅಸ್ಥಿಮಜ್ಜೆಯಲ್ಲಿಯೇ ಬಿಟ್ಟು ಹೊರಟ ಯಾತ್ರಿಕ ಅದು. ಆದುದರಿಂದ ಇಕೋಸ್ಪ್ರಿನ್ ಆಗಲಿ, ಸಕ್ರಿಯಗೊಂಡ ಕ್ಲೊಪಿಡೊಗ್ರೆಲ್ ಆಗಲಿ ಅದರ ಮೇಲೆ ಒಮ್ಮೆ ಮಾಡಿದ ಗುರುತನ್ನು ಅದು ಸರಿಪಡಿಸಿಕೊಳ್ಳಲಾರದು. ಸಾಯುವವರೆಗೆ ಹೊತ್ತೇ ತಿರುಗಬೇಕು. ಆದರೆ ಆ ಸಾವು ಏಳರಿಂದ ಹತ್ತು ದಿನಗಳೊಳಗಿನದು, ದಿನವೂ ಹತ್ತು ಸಾವಿರ ಕೋಟಿಯಷ್ಟು ಹೊಸ ಪ್ಲೇಟ್‌ಲೆಟ್ಟುಗಳು ಯಾವ ಗುರುತೂ ಇಲ್ಲದೆ ಹುಟ್ಟಿಬರುತ್ತಲೇ ಇರುತ್ತವೆ. ಮಾತ್ರೆಯನ್ನು ನಿತ್ಯವೂ ನುಂಗಬೇಕಾಗಿರುವುದು ಈ ಕಾರಣದಿಂದ.

ಇಲ್ಲಿ ಜ್ಯೋತಿಷ್ಯದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಹೃದಯಾಘಾತವಾಗಿದೆಯೆಂದು ಶಂಕಿಸಲಾದ 17,187 ರೋಗಿಗಳ ಮೇಲೆ ನಡೆದ ಐಸಿಸ್-2 ಎಂಬ ಮಹಾಪರೀಕ್ಷೆಯು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿ, ಒಂದು ತಿಂಗಳು ಆಸ್ಪಿರಿನ್ (ಇಕೋಸ್ಪ್ರಿನ್ ಎಂಬುದೂ ಅದೇ) ಕೊಟ್ಟರೆ ಐದು ವಾರಗಳೊಳಗಿನ ಹೃದಯ ಮತ್ತು ರಕ್ತನಾಳಗಳ ವ್ಯಾಧಿಯ ಮರಣವು ನೂರಕ್ಕೆ 23ರಷ್ಟು ಇಳಿಯುವುದೆಂದು ಸ್ಥಾಪಿಸಿತು. ಯಾವ ಯಾವ ಬಗೆಯ ರೋಗಿಗಳಿಗೆ ಎಷ್ಟೆಷ್ಟು ಲಾಭವೆಂದು ಒಡೆದು ತೋರಿಸಬೇಕೆಂಬ ಒತ್ತಾಯವು ಬಂದಾಗ, ಅದರ ಕರ್ತೃಗಳು ವಯಸ್ಸು ಲಿಂಗಗಳೊಂದಿಗೆ ಜನ್ಮರಾಶಿಯನ್ನೂ ಸೇರಿಸಿಬಿಟ್ಟರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ಲಾಭವಿಲ್ಲ, ಕಿಂಚಿತ್ ಹಾನಿಯೇ ಉಂಟು. ಉಳಿದ ಹತ್ತು ರಾಶಿಗಳವರಿಗೆ ಅಪಾರ ಲಾಭ ಎಂದು ಲೆಕ್ಕವು ಹೇಳಿತು! ಅವರ ರಾಶಿಯು ಸೂರ್ಯನದು, ನಮ್ಮದು ಚಂದ್ರನದು, ಆದುದರಿಂದ ಗಣನೆಯೇ ಅಶುದ್ಧವೆಂದು ನಮ್ಮ ಜೋಯಿಸರು ಆಕ್ಷೇಪಿಸಬಹುದು. ಆ ವಿದ್ವಾಂಸರ ಇಂಗಿತವು ಬೇರೆ: ಜನಸಮೂಹವನ್ನು ಬೇಕಾದಷ್ಟು ತುಂಡುಗಳಾಗಿ ಕತ್ತರಿಸಿದರೆ, ಎಲ್ಲಿಯಾದರೂ ಒಂದು ತುಂಡಿನಲ್ಲಿ ಆಕಸ್ಮಿಕವು ನಿಯಮದ ವೇಷ ಹಾಕಿ ನಿಂತೇ ನಿಲ್ಲುತ್ತದೆಂದು ತೋರಿಸುವುದು.

ಹಾಗಾದರೆ ಜನ್ಮರಾಶಿಯನ್ನು ನಕ್ಕು ತಳ್ಳಿಹಾಕುವ ನಾವು ಜನ್ಮಾಕ್ಷರವನ್ನು ನಂಬುವುದೇಕೆ? ಎರಡೂ ಹುಟ್ಟಿನಲ್ಲಿಯೇ ನಿಶ್ಚಿತವಾದುವು, ಎರಡೂ ಕಣ್ಣಿಗೆ ಕಾಣದವು. ಉತ್ತರವು ವಿಜ್ಞಾನಿಯ ಮೇಲಿನ ಶ್ರದ್ಧೆಯಲ್ಲ. ಅಕ್ಷರವು ಕೆಟ್ಟಾಗ ಕಿಣ್ವವು ಇಲ್ಲವಾಗುವುದನ್ನು ನೋಡಬಹುದು. ಕಿಣ್ವವಿಲ್ಲದಾಗ ರಕ್ತದಲ್ಲಿ ಸಕ್ರಿಯವಾದ ಮದ್ದು ಕಡಮೆಯಾಗುವುದನ್ನು ಅಳೆಯಬಹುದು. ಮದ್ದು ಕಡಮೆಯಾದಾಗ ಪ್ಲೇಟ್‌ಲೆಟ್ಟುಗಳು ಮೊದಲಿನಂತೆ ಅಂಟಿಕೊಳ್ಳುವುದನ್ನು ಗಾಜಿನ ನಳಿಕೆಯಲ್ಲಿ ತೋರಿಸಬಹುದು. ತುಲಾರಾಶಿಗೂ ಪ್ಲೇಟ್‌ಲೆಟ್ಟಿಗೂ ನಡುವೆ ಇಂಥ ಯಾವ ಕೊಂಡಿಯೂ ಇಲ್ಲ. ಇಷ್ಟಾದರೂ ವಿಜ್ಞಾನವು ಕೊನೆಯ ಹೆಜ್ಜೆಯಲ್ಲಿ ತಡವರಿಸುತ್ತದೆ. ವಂಶವಾಹಿಯನ್ನು ನೋಡಿಯೇ ಮಾತ್ರೆಯನ್ನು ಆರಿಸಿದರೆ ರೋಗಿಗೆ ಒಳಿತಾಗುವುದೇ ಎಂದು ಕೇಳಿದ ಪರೀಕ್ಷೆಗಳ ಪೈಕಿ 2019ರಲ್ಲಿ ಪ್ರಕಟವಾದ ಯೂರೋಪಿನ ಪರೀಕ್ಷೆಯು, ಹಾಗೆ ಮಾಡುವುದರಿಂದ ರಕ್ಷಣೆಗೆ ಕುಂದಿಲ್ಲ, ರಕ್ತಸ್ರಾವವೂ ಕಡಮೆಯೆಂದು ಕಂಡುಕೊಂಡಿತು. 2020ರ ಟೈಲರ್-ಪಿಸಿಐ ಎಂಬುದು ತಾನು ಇಟ್ಟುಕೊಂಡಿದ್ದ ಗುರಿಯನ್ನು ಸ್ವಲ್ಪದರಲ್ಲಿ ತಪ್ಪಿತು. ಬಲವಾದ ಗುಳಿಗೆಯನ್ನು ಎಲ್ಲರಿಗೂ ಕೊಟ್ಟುಬಿಡೋಣವೆಂದರೆ ಅದರಿಂದ ರಕ್ತಸ್ರಾವ ಹೆಚ್ಚು, ಟಿಕಾಗ್ರೆಲಾರ್ ಸೇವಿಸುವ ಕೆಲವರಿಗೆ ಉಬ್ಬಸದಂಥ ಕಷ್ಟ, ಪಾರ್ಶ್ವವಾಯು ಆಗಿದ್ದವರಿಗೆ ಪ್ರಾಸುಗ್ರೆಲ್ ವರ್ಜ್ಯ.

ಹುಟ್ಟಿನಿಂದ ಬಂದದ್ದನ್ನು ನೋಡಿ ಮದ್ದು ಕೊಡುವುದೆಂದರೆ ಇನ್ನೊಂದು ಆಕ್ಷೇಪವೂ ಏಳುತ್ತದೆ. ಹುಟ್ಟು ಏನನ್ನೂ ನಿರ್ಣಯಿಸಬಾರದೆಂದು ಘೋಷಿಸಿದ ಶರಣಧರ್ಮವು ಈ ನೆಲದಲ್ಲಿ ಆಳವಾಗಿ ಬೇರೂರಿದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿ ಹೊಂದಿದ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯಲ್ಲಿ ಜಾತಿಸೂತಕವಿಲ್ಲ. ದೀಕ್ಷೆಯಾದವನ ಪೂರ್ವಾಶ್ರಯವನ್ನು ಎಣಿಸಲಾಗದು. ಅದೇ ಕುಣಿಗಲ್ಲಿನಲ್ಲಿ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂನಲ್ಲಿ, ಒಂದೊಂದು ಮರಿಯ ತಾಯಿತಂದೆಗಳ ವಂಶಾವಳಿಯನ್ನೂ ಬರೆದಿಟ್ಟು ಅದರ ಮೇಲೆಯೇ ಬೆಲೆ ಕಟ್ಟುವುದು ಪದ್ಧತಿ. ಮನುಷ್ಯನನ್ನು ಕುದುರೆಯಂತೆ ನೋಡಬಾರದೆಂಬುದಕ್ಕೆ ಶರಣರು ಹೋರಾಡಿದರು. ಈಗ ವೈದ್ಯನು ಮತ್ತೆ ನಿನ್ನ ವಂಶವೇನೆಂದು ಕೇಳುತ್ತಾನಲ್ಲ! ಭೇದವು ಸ್ವರೂಪದಲ್ಲಿಯೇ ಇದೆಯೆಂದು, ಒಬ್ಬ ಜೀವನು ಇನ್ನೊಬ್ಬನಂತಿಲ್ಲವೆಂದು ಸಾರಿದ ಮಧ್ವಾಚಾರ್ಯರ ಅನುಯಾಯಿಗಳು ಇದನ್ನು ಕೇಳಿ ಮುಗುಳ್ನಗಬಹುದು. ಆದರೆ ಈ ಭೇದವು ಜೀವಾತ್ಮನದ್ದಲ್ಲ, ದೇಹದ್ದು. ಕುಲಕ್ಕೊಂದಾಗಿ ಹಂಚಿದ್ದೂ ಅಲ್ಲ. ಆ 681ನೆಯ ಅಕ್ಷರವು ಅಗ್ರಹಾರದಲ್ಲಿ ಬೇರೆ, ಕೇರಿಯಲ್ಲಿ ಬೇರೆ ಆಗಿರುವುದಿಲ್ಲ. ದೀಕ್ಷೆಯಿಂದ ಯಕೃತ್ತಿನ ಪೂರ್ವಾಶ್ರಯವು ಅಳಿಯದು, ನಿಜ. ಅಳಿಯಬೇಕೆಂದು ಸಿದ್ಧಲಿಂಗರೂ ಹೇಳಿರಲಾರರು. ಸಿದ್ಧಗಂಗೆಯ ದಾಸೋಹದಲ್ಲಿ ಪಂಕ್ತಿಭೇದವಿಲ್ಲ, ಆದರೂ ಜ್ವರದಿಂದ ಮಲಗಿದ ಹುಡುಗನಿಗೆ ಮುದ್ದೆಯ ಬದಲು ಗಂಜಿ ಕೊಟ್ಟರೆ ಅದನ್ನು ಯಾರೂ ಪಂಕ್ತಿಭೇದವೆಂದು ದೂರುವುದಿಲ್ಲ.

ಹೀಗಿರುವಲ್ಲಿ ಪಾಪಪುಣ್ಯಗಳ ಪ್ರಶ್ನೆಯು ಮಾಯವಾಗುವುದಿಲ್ಲ. ಅದು ರೋಗಿಯನ್ನು ಬಿಟ್ಟು ಬೇರೆ ಕಡೆಗೆ ಹೋಗಿ ನಿಲ್ಲುತ್ತದೆ. ಅಮೆರಿಕದ ಹವಾಯಿ ದ್ವೀಪಗಳಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಮೂಲದ ಜನರೇ ಬಹುಸಂಖ್ಯಾತರು. ಅವರಲ್ಲಿ ಅನೇಕರಿಗೆ ಕ್ಲೊಪಿಡೊಗ್ರೆಲ್ ಗುಳಿಗೆಯು ಕೆಲಸ ಮಾಡದೆಂಬುದನ್ನು ತಿಳಿದೂ ತಿಳಿಸಲಿಲ್ಲವೆಂದು ಆ ರಾಜ್ಯವು 2014ರಲ್ಲಿ ತಯಾರಕ ಕಂಪನಿಗಳ ಮೇಲೆ ದಾವೆ ಹೂಡಿತು. 2021ರಲ್ಲಿ ನ್ಯಾಯಾಲಯವು 83 ಕೋಟಿ ಡಾಲರಿಗೂ ಮಿಗಿಲಾದ ದಂಡ ವಿಧಿಸಿತು, ಮೇಲಿನ ನ್ಯಾಯಾಲಯವು 2023ರಲ್ಲಿ ಅದನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು, 2024ರಲ್ಲಿ ಮತ್ತೆ 91 ಕೋಟಿ ಡಾಲರು ಮೀರಿದ ದಂಡವಾಯಿತು. ಕಂಪನಿಗಳು ಆರೋಪವನ್ನು ಒಪ್ಪಿಲ್ಲ. ಮಂದಕಿಣ್ವದವರಿಗೆ ಗುಳಿಗೆಯ ಪರಿಣಾಮ ಕುಗ್ಗುವುದೆಂಬ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸಬೇಕೆಂದು ಅಮೆರಿಕದ ನಿಯಂತ್ರಣ ಸಂಸ್ಥೆಯು ಆಜ್ಞಾಪಿಸಿದ್ದು 2010ರ ಮಾರ್ಚಿನಲ್ಲಿ. ಆ ಚೌಕಟ್ಟಿನೊಳಗಿನ ಸಂಗತಿಯು ಗುಬ್ಬಿಯ ಔಷಧದ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತವರಿಗೆ ತಲಪಿದೆಯೆ? "ಮಾತ್ರೆ ಸರಿಯಾಗಿ ತಗೊಂಡ್ರಾ?" ಎಂದು ಕೇಳುವ ಮುನ್ನ, ಸರಿಯಾದ ಮಾತ್ರೆ ಕೊಟ್ಟೆವೇ ಎಂದು ಕೇಳಿಕೊಳ್ಳಬೇಕಾದವರು ಯಾರು? ಪೂರ್ವಜನ್ಮದ ಕಡೆಗೆ ಬೆರಳು ತೋರಿಸುವುದರಿಂದ ಇರುವ ಒಂದೇ ಸೌಕರ್ಯವೆಂದರೆ, ಈ ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಬೇಕಾಗುವುದಿಲ್ಲ.

ಸಂಭವಗಳೇ ತುಂಬಿರುವ ಈ ಶಾಸ್ತ್ರದಲ್ಲಿ ನಿಸ್ಸಂದೇಹವಾದ ಮಾತೊಂದಿದೆ. ಎರಡೂ ಪ್ರತಿಗಳಲ್ಲಿ ನಿಷ್ಕ್ರಿಯ ಅಕ್ಷರವಿರುವ ತಂದೆಯ ಪ್ರತಿಯೊಂದು ಮಗುವಿನಲ್ಲಿಯೂ ಒಂದು ಪ್ರತಿಯಾದರೂ ಅಂಥದೇ ಇರುತ್ತದೆ. ತಂದೆಯ ಪರೀಕ್ಷೆಯ ಚೀಟಿಯು ಹೀಗೆ, ಕೇಳದಿದ್ದರೂ, ಕಾಲೇಜಿನಲ್ಲಿ ಓದುತ್ತಿರುವ ಮಗಳ ವಿಷಯವನ್ನೂ ಹೇಳಿಬಿಡುತ್ತದೆ. ಅವಳಿಗೆ ಹೃದ್ರೋಗವೇ ಬಾರದಿರಬಹುದು. ಬಂದರೂ ಅಷ್ಟು ಹೊತ್ತಿಗೆ ಈ ಗುಳಿಗೆಯೇ ಬಳಕೆ ತಪ್ಪಿರಬಹುದು. ಅವಳಿಗೆ ತಿಳಿಸಬೇಕೆ? ತಿಳಿಸಬೇಕೆಂದೇ ನಾನು ಹೇಳುತ್ತೇನೆ. ಆದರೆ ಹೆಣ್ಣು ನೋಡಲು ಬಂದವರು ಜಾತಕದೊಡನೆ ಈ ಚೀಟಿಯನ್ನೂ ಕೇಳತೊಡಗಿದರೆ, ಕುಜದೋಷದ ಸಾಲಿಗೆ ಕಿಣ್ವದೋಷವೆಂಬ ಹೊಸದೊಂದು ಸೇರಿತೆಂದೇ ಲೆಕ್ಕ. ಆದುದರಿಂದ ತಿಳಿಸತಕ್ಕವರು ವೈದ್ಯರು, ತಿಳಿಸತಕ್ಕದ್ದು ಅವಳೊಬ್ಬಳಿಗೆ. ಬರೆದಿಡಬೇಕಾದ ಸ್ಥಳ ಆಸ್ಪತ್ರೆಯ ಪುಸ್ತಕದಲ್ಲಿ ರಕ್ತದ ಗುಂಪನ್ನು ನಮೂದಿಸುವ ಸಾಲಿನ ಕೆಳಗೆ, ಕ್ಲೊಪಿಡೊಗ್ರೆಲ್ ಕೊಡುವ ಮುನ್ನ ವಿಚಾರಿಸಿ ಎಂಬ ಒಂದು ವಾಕ್ಯ.